ಟೇಪ್‌ನಲ್ಲಿ 12.10 ಮೀಟರ್, ಪದರ ಕೂಡಿಸಿದರೆ 11.40. ಉಳಿದ 70 ಸೆಂಮೀ ಎಲ್ಲಿ ಹೋಯಿತು?

ಬಿಸಿಲೂರ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಎಂಎಸ್‌ಸಿ ಜಿಯಾಲಜಿ ಮೊದಲ ವರ್ಷ. ಫೀಲ್ಡ್ ರಿಪೋರ್ಟಿಗೆ ಅಂತ ಶಹಾಬಾದ್ ಮತ್ತು ವಾಡಿ ನಡುವೆ ಒಂದು ಹಳೆಯ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಖಣಿ ಆರಿಸಿಕೊಂಡಿದ್ದೆವು. ಕೆಲಸ ನಿಂತು ಏಳೆಂಟು ವರ್ಷ ಆಗಿದೆಯಂತೆ, ಮಾಲೀಕರನ್ನು ಕೇಳಿಯೇ ಇಳಿದಿದ್ದು. ನಾನು, ಇಬ್ಬರು ಗೆಳೆಯರು, ಒಂದು 30 ಮೀಟರ್ ಟೇಪ್, ಸ್ಟೀಲ್ ಸ್ಕೇಲ್, 10 ಪಟ್ಟಿನ ಲೆನ್ಸ್, ಸೀನಿಯರ್ ಹತ್ತಿರ ಕಡ ತಂದ ಕ್ಲಿನೊಮೀಟರ್ (ಇಳಿಜಾರಿನ ಕೋನ ಅಳೆಯುವುದು), ಒಂದು ಸಣ್ಣ ಬಾಟಲಿ ಆಸಿಡ್. ಎರಡು ದಿನ ಬಿಸಿಲಲ್ಲಿ ಬೆಂದು ಒಂದೇ ಗೋಡೆಯ 58 ಪದರ ಅಳೆದೆವು.

ಈಗ ಎರಡು ತಲೆನೋವು.

ಒಂದು, ಗೋಡೆಯ ಮೇಲಿನ ಅಂಚಿನಿಂದ ಟೇಪ್ ಬಿಟ್ಟು ಬುಡದ ತನಕ ಅಳೆದರೆ 12.10 ಮೀಟರ್. 58 ಪದರದ ದಪ್ಪ ಕೂಡಿಸಿದರೆ 11.40. ಮೂರು ಸಲ ಕೂಡಿಸಿದ್ದೇನೆ, ಕ್ಯಾಲ್ಕುಲೇಟರ್‌ದೇನೂ ತಪ್ಪಿಲ್ಲ. 70 ಸೆಂಮೀ ಅಂದರೆ ಸಣ್ಣದಲ್ಲ, ನಮ್ಮ ಲೆಕ್ಕದಲ್ಲಿ ಮೂರ್ನಾಲ್ಕು ಪದರ.

ಎರಡು, ನೋಟ್‌ಬುಕ್ ನೋಡಿದ ಮೇಷ್ಟ್ರು ಕೆಂಪು ಪೆನ್ನಿನಲ್ಲಿ "ಇದು ಬಣ್ಣದ ಪಟ್ಟಿ, ಕಲ್ಲಿನ ವರ್ಣನೆ ಎಲ್ಲಿದೆ?" ಅಂತ ಬರೆದು ವಾಪಸ್ ಕೊಟ್ಟರು. ಹೇಗೆ ಬರೆಯಬೇಕು ಅಂತ ಕೇಳಿದರೆ ಪುಸ್ತಕ ನೋಡು ಅಂದರು. ಪುಸ್ತಕದಲ್ಲಿ ಎಲ್ಲ ಇದೆ, ಅದೇ ಕಷ್ಟ. ನಾನು ಬರೆದಿದ್ದು ಹೀಗೆ:

ಪದರ 14: ಬೂದು ಸುಣ್ಣದ ಕಲ್ಲು. 18 ಸೆಂಮೀ.
ಪದರ 15: ಬೂದು ಸುಣ್ಣದ ಕಲ್ಲು. 22 ಸೆಂಮೀ.
ಪದರ 16: ಗುಲಾಬಿ ಸುಣ್ಣದ ಕಲ್ಲು. 9 ಸೆಂಮೀ.
ಪದರ 17: ಬೂದು ಸುಣ್ಣದ ಕಲ್ಲು. 20 ಸೆಂಮೀ.

ಹೀಗೇ 58 ಸಾಲು. ಕಲ್ಲೇ ಹಾಗಿದೆ, ಮೇಲಿಂದ ಕೆಳತನಕ ಬೂದು, ನಾನೇನು ಮಾಡಲಿ? ಮುಂದಿನ ಭಾನುವಾರ ಮತ್ತೆ ಹೋಗಬಹುದು. ಹೋದರೆ ಏನು ನೋಡಬೇಕು ಹೇಳಿ.

ಹಳೆ ಸುತ್ತಿಗೆ:

ತಮ್ಮಾ, ಮೊದಲು ಒಂದು ಪ್ರಶ್ನೆ. ಪದರ 1 ಯಾವುದು? ಮೇಲಿನದೋ ಕೆಳಗಿನದೋ?

ಬಿಸಿಲೂರ ಹುಡುಗ:

ಮೇಲಿನದು ಸರ್. ಟೇಪ್ ಮೇಲಿಂದ ಬಿಟ್ಟಿದ್ದೆವು, ಹಾಗಾಗಿ ಅಲ್ಲಿಂದಲೇ ನಂಬರ್ ಹಾಕಿದೆವು.

ಹಳೆ ಸುತ್ತಿಗೆ:

ಅಂದುಕೊಂಡೆ. ನಾನು 31 ವರ್ಷ ಸುತ್ತಿಗೆ ಹಿಡಿದವನು, ಈಗ ಯಾದಗಿರಿಯಲ್ಲಿ ಮನೆ ಮುಂದೆ ಬೇವಿನ ಗಿಡದ ಕೆಳಗೆ ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ಬುಡದಿಂದ ಶುರು ಮಾಡು. ಕೆಳಗಿನ ಪದರ ಮೊದಲು ಕೂತಿತು, ಅದರ ಮೇಲೆ ಇನ್ನೊಂದು. ನೀನು ಮೇಲಿಂದ ಬರೆದರೆ ಕಥೆಯನ್ನು ಕೊನೆಯ ಪುಟದಿಂದ ಓದಿದ ಹಾಗೆ. ಸುಮ್ನೆ ನಿಯಮಕ್ಕೆ ಅಂತ ಹೇಳುತ್ತಿಲ್ಲ. ಒಂದು ಪದರದ ಕೆಳಗಿನ ಅಂಚು ಹೇಗಿದೆ ಅನ್ನುವುದು ಆ ಪದರ ಹೇಗೆ ಶುರುವಾಯಿತು ಅಂತ ಹೇಳುತ್ತೆ. ಕೆಳಗಿನದನ್ನು ಕೊರೆದುಕೊಂಡು ಬಂದು ಕೂತಿದೆಯಾ, ಸಪಾಟಾಗಿ ಕೂತಿದೆಯಾ, ಅಥವಾ ಎಲ್ಲಿ ಇದು ಮುಗಿದು ಅದು ಶುರು ಅಂತ ಗೊತ್ತೇ ಆಗದ ಹಾಗೆ ನಿಧಾನಕ್ಕೆ ಬದಲಾಗಿದೆಯಾ. ಮೇಲಿಂದ ಇಳಿಯುತ್ತಾ ಬಂದರೆ ಇದನ್ನು ನೋಡುವ ರೂಢಿಯೇ ಬರುವುದಿಲ್ಲ. ನಿನ್ನ ಸಾಲುಗಳಲ್ಲಿ ಅಂಚಿನ ಬಗ್ಗೆ ಒಂದು ಶಬ್ದವೂ ಇಲ್ಲ ನೋಡು.

ಈಗ 70 ಸೆಂಮೀ. ನನಗೆ ಮೂರು ಕಡೆ ಅನುಮಾನ.

ಗೋಡೆ ನೆಟ್ಟಗೆ ಇದೆಯಾ? ಖಣಿಯ ಗೋಡೆ ನೋಡುವುದಕ್ಕೆ ನೆಟ್ಟಗೆ, ಆದರೆ ಸ್ವಲ್ಪ ಒರಗಿರುತ್ತದೆ. ಟೇಪ್ ಗೋಡೆಗೆ ಅಂಟಿಕೊಂಡು ಇಳಿದರೆ ನೀನು ಅಳೆದಿದ್ದು ಓರೆ ಉದ್ದ. ಕ್ಲಿನೊಮೀಟರ್ ಗೋಡೆಗೆ ಹಚ್ಚಿ ನೋಡು. 80 ಡಿಗ್ರಿ ಬಂದರೆ 12.10 ಅನ್ನು ಸೈನ್ 80 ಇಂದ ಗುಣಿಸು, ಅಂದರೆ 0.985. ಅಲ್ಲಿಗೆ ನಿಜವಾದ ಎತ್ತರ 11.92. ಅಲ್ಲೇ 18 ಸೆಂಮೀ ಹೋಯಿತು. ನಿಮ್ಮ ಖಣಿಯಲ್ಲಿ ಪದರಗಳು ಹೆಚ್ಚು ಕಡಿಮೆ ಮಲಗಿದ ಹಾಗೇ ಇರುತ್ತವೆ, ಹಾಗಾಗಿ ಇಷ್ಟೇ ಲೆಕ್ಕ ಸಾಕು.

ಗೋಡೆಯಲ್ಲಿ ಎಲ್ಲಾದರೂ ಮಣ್ಣು ಕೂತ ಮೆಟ್ಟಿಲು ಇತ್ತಾ? ಹುಲ್ಲು ಬೆಳೆದಿತ್ತಾ? ಅಲ್ಲಿ ಕಲ್ಲು ಕಾಣುವುದಿಲ್ಲ ಅಂತ ಹಾರಿ ಮುಂದಿನ ಪದರಕ್ಕೆ ಹೋಗಿರುತ್ತೀರಿ. ಹುಡುಗರೆಲ್ಲ ಹಾಗೇ ಮಾಡುತ್ತಾರೆ.

ಮೂರನೆಯದೇ ದೊಡ್ಡದು. ಗಟ್ಟಿ ಕಲ್ಲಿನ ನಡುವೆ ಇರುವ ಮೆತ್ತನೆ ಪದರ. ಬೆರಳಿನ ದಪ್ಪ ಇರಲಿ, ಕಾಗದದ ದಪ್ಪ ಇರಲಿ. ನೀನು ಸ್ಕೇಲ್ ಇಟ್ಟಿದ್ದು ಗಟ್ಟಿ ಕಲ್ಲಿಗೆ ಮಾತ್ರ ಅಲ್ವಾ? 58 ಕಲ್ಲಿನ ನಡುವೆ 57 ಸಂದು ಇವೆ. ಒಂದೊಂದು ಅರ್ಧ ಸೆಂಮೀ ಅಂದರೂ ಎಷ್ಟಾಯಿತು ನೀನೇ ಲೆಕ್ಕ ಹಾಕು.

ಇನ್ನು ವರ್ಣನೆ. ನಿಮ್ಮ ಮೇಷ್ಟ್ರು ಬೈದಿದ್ದು ಸರಿ, ಹೇಳಿಕೊಡದೆ ಬೈದಿದ್ದು ಸರಿಯಲ್ಲ. ಒಂದು ಪದರದ ಮುಂದೆ ಕೂತರೆ ಇಷ್ಟು ಕೇಳಿಕೋ. ಬುಡದಿಂದ ಎಷ್ಟು ಎತ್ತರದಲ್ಲಿದೆ, ಎಷ್ಟು ದಪ್ಪ. ಸುತ್ತಿಗೆಯಿಂದ ಒಂದು ಚಕ್ಕೆ ಒಡೆದು ಒಳಗಿನ ಬಣ್ಣ ಒಂದು ಬರೆ, ಬಿಸಿಲು ಮಳೆ ತಿಂದ ಹೊರಗಿನ ಬಣ್ಣ ಇನ್ನೊಂದು ಬರೆ, ಎರಡೂ ಒಂದೇ ಆಗಿರುವುದು ಅಪರೂಪ. ಕಣ ಎಷ್ಟು ದೊಡ್ಡದು. ಮರಳುಗಲ್ಲಾದರೆ ವೆಂಟ್‌ವರ್ತ್ ಅಳತೆ ಇದೆ: 2 ಮಿಮೀಗಿಂತ ದೊಡ್ಡದು ಹರಳು ಜಲ್ಲಿ, ಅಲ್ಲಿಂದ ಒಂದು ಮಿಮೀಯ 16ನೇ ಒಂದು ಭಾಗದ ತನಕ ಮರಳು, ಅದರ ಕೆಳಗೆ ಸಿಲ್ಟ್, 256ನೇ ಒಂದು ಭಾಗಕ್ಕಿಂತ ಸಣ್ಣದು ಜೇಡಿ. ಸಿಲ್ಟೋ ಜೇಡಿಯೋ ಲೆನ್ಸಿನಲ್ಲಿ ತಿಳಿಯುವುದಿಲ್ಲ. ಚೂರು ಮುಂಬಲ್ಲಿನಲ್ಲಿ ಕಡಿ. ಕರಕರ ಅಂದರೆ ಸಿಲ್ಟ್, ಬೆಣ್ಣೆ ಹಾಗೆ ಜಾರಿದರೆ ಜೇಡಿ. ನಗಬೇಡ, ಎಲ್ಲರೂ ಹೀಗೇ ಮಾಡುವುದು. ಆಸಿಡ್ ಹಾಕುವ ಮೊದಲು ಕಡಿ, ಆಮೇಲಲ್ಲ.

ದಪ್ಪಕ್ಕೂ ಹೆಸರಿದೆ. 1 ಸೆಂಮೀ ಒಳಗಿದ್ದರೆ ಅದನ್ನು ಪದರ ಅನ್ನುವುದಿಲ್ಲ, ಲ್ಯಾಮಿನಾ. 3 ರಿಂದ 10 ತೆಳು, 10 ರಿಂದ 30 ಮಧ್ಯಮ, 30 ರಿಂದ 100 ದಪ್ಪ, ಮೀಟರ್ ದಾಟಿದರೆ ಅತಿ ದಪ್ಪ. ನೀನು 18, 22 ಅಂತ ಅಂಕಿ ಬರೆದಿದ್ದೀಯ, ಅದು ಇನ್ನೂ ಒಳ್ಳೆಯದು.

ಕಲ್ಲಿನ ಒಳಗೆ ಏನಿದೆ. ಗೆರೆಗಳಿವೆಯಾ, ಸಪಾಟೋ ಅಲೆಯೋ ಓರೆಯೋ. ಪದರದ ಮೇಲ್ಮೈ ತೆರೆದಿದ್ದರೆ ಅಲೆಯ ಗುರುತು ಇದೆಯಾ, ಕೆರೆ ಒಣಗಿದಾಗ ಎರೆ ಮಣ್ಣು ಬಿರಿಯುತ್ತಲ್ಲ ಅಂಥ ಬಿರುಕಿನ ಗುರುತು ಇದೆಯಾ. ಶಂಖ ಚಿಪ್ಪು ಹುಡುಕುತ್ತಾ ಕೂರಬೇಡ, ಭೀಮಾ ಗುಂಪು ಅಂತ ಕರೆಯುವ ನಿಮ್ಮ ಸೀಮೆಯ ಈ ಕಲ್ಲು 54 ಕೋಟಿ ವರ್ಷಕ್ಕಿಂತ ಹಳೆಯದು, ಚಿಪ್ಪಿನ ಪ್ರಾಣಿಗಳು ಬರುವ ಮೊದಲಿನದು.

ಆಮೇಲೆ ಎಡಕ್ಕೂ ಬಲಕ್ಕೂ ಹತ್ತು ಹೆಜ್ಜೆ ನಡೆದು ನೋಡು. ಅದೇ ಪದರ ಅಷ್ಟೇ ದಪ್ಪ ಇದೆಯಾ? ಇದನ್ನು ಯಾರೂ ಮಾಡುವುದಿಲ್ಲ. ಟೇಪ್ ಇಳಿಬಿಟ್ಟ ಒಂದು ಗೇಣು ಜಾಗವನ್ನೇ ಪ್ರಪಂಚ ಅಂದುಕೊಂಡು ಬರುತ್ತಾರೆ.

ಫರ್ಸಿ ಮನೆ:

ನಮ್ಮದು ಶಹಾಬಾದ್ ಕಡೆಯೇ. ಅಪ್ಪ ಖಣಿಯಲ್ಲೇ ದುಡಿದವರು, ನಾನು ಫರ್ಸಿ ಮಾರುತ್ತೇನೆ. ಜಿಯಾಲಜಿ ಓದಿಲ್ಲ, ಪಿಯುಸಿಗೆ ನಿಲ್ಲಿಸಿದ್ದು. ಆದರೂ ಒಂದು ಮಾತು ಹೇಳಬೇಕು ಅನ್ನಿಸಿತು.

ತಮ್ಮಾ, ನಿನ್ನ 15, 16, 17 ಮೂರು ಪದರ ಅಲ್ಲ ಅಂತ ನನಗೆ ಅನುಮಾನ. ಅದು ಒಂದೇ ಇರಬಹುದು.

ನಾವು ಪದರ ಅನ್ನುವುದು ಹಾರೆ ಹಾಕಿದರೆ ಎಲ್ಲಿ ಬಿಡುತ್ತದೋ ಅಲ್ಲಿಂದ ಎಲ್ಲಿ ಬಿಡುತ್ತದೋ ಅಲ್ಲಿಗೆ. ಬಣ್ಣ ನೋಡಿ ಅಲ್ಲ. ಗುಲಾಬಿ ಬಣ್ಣ ಎಷ್ಟೋ ಸಲ ಕಲ್ಲಿನ ಒಳಗೇ ಓರೆಯಾಗಿ ಹೋಗಿರುತ್ತದೆ. ಒಂದೇ ಚಪ್ಪಡಿಯಲ್ಲಿ ಅರ್ಧ ಬೂದು ಅರ್ಧ ಗುಲಾಬಿ ಇರುತ್ತೆ, ಗಿರಾಕಿ ಇದು ಬೇಡ ಅಂತ ತೆಗೆದಿಡುತ್ತಾರೆ. ಮಧ್ಯ ಉಳಿ ಇಟ್ಟು ಹೊಡೆದು ನೋಡಿ, ಬಣ್ಣ ಬದಲಾದ ಕಡೆ ಬಿಡುವುದೇ ಇಲ್ಲ. ಬಿಡುವುದು ಮಣ್ಣಿನ ಎಳೆ ಇದ್ದ ಕಡೆ.

ಅಪ್ಪ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಪದರ ಟಣ್ ಅನ್ನುತ್ತದೆ. ಒಳಗೆ ಸಂದು ಇದ್ದರೆ ಡಬ್ ಅಂತ ಸತ್ತ ಸದ್ದು. ನಾನು ಎಂಟು ವರ್ಷದವನಿದ್ದಾಗ ಕಣ್ಣು ಮುಚ್ಚಿಸಿ ಹತ್ತು ಚಪ್ಪಡಿ ತಟ್ಟಿಸಿದ್ದರು, ಒಂಬತ್ತು ಸರಿ ಹೇಳಿದ್ದೆ. ತಪ್ಪಿದ ಹತ್ತನೆಯದು ಈಗಲೂ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದೆ.

ಇನ್ನೊಂದು ಕೇಳಬೇಕು ಹಳೆ ಸುತ್ತಿಗೆ ಸರ್ ಅವರನ್ನು. ಕೆಲವು ಚಪ್ಪಡಿಯ ಅಡ್ಡ ಅಂಚಿನಲ್ಲಿ ಕಪ್ಪು ಗೆರೆ ಬರುತ್ತದೆ, ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ. ಗಿರಾಕಿ ಬಿರುಕು ಅಂತ ಜಗಳ ತೆಗೆಯುತ್ತಾರೆ. ಬಿರುಕಲ್ಲ ಅಂತ ನನಗೆ ಗೊತ್ತು, ಏನು ಅಂತ ಹೇಳಕ್ಕೆ ಬರಲ್ಲ.

ಹಳೆ ಸುತ್ತಿಗೆ:

ಅಣ್ಣಾವ್ರೇ, ನಿಮ್ಮ ಅಪ್ಪನ ಹತ್ತಿರ ನಾನು ಆರು ತಿಂಗಳು ಕಲಿಯಬೇಕಿತ್ತು.

ಬಣ್ಣದ ಮಾತು ಪೂರ್ತಿ ಸರಿ. ಗುಲಾಬಿ ಬರುವುದು ಕಬ್ಬಿಣದ ತುಕ್ಕಿನಿಂದ. ಕಲ್ಲಾದ ಮೇಲೆ ಒಳಗೆ ನೀರು ಓಡಾಡಿ ಬಣ್ಣ ಹಚ್ಚಬಹುದು, ತೆಗೆಯಲೂಬಹುದು, ಅದಕ್ಕೆ ಪದರದ ಹಂಗಿಲ್ಲ. ಹುಡುಗ ಬಣ್ಣ ಬದಲಾದ ಕಡೆಯೆಲ್ಲ ಹೊಸ ನಂಬರ್ ಹಾಕಿದ್ದರೆ ಅವನ 58ರಲ್ಲಿ ಎಷ್ಟೋ ಸುಳ್ಳು.

ನಿಮ್ಮ ಹಲ್ಲಿನ ಗೆರೆಗೆ ಸ್ಟೈಲೊಲೈಟ್ ಅಂತಾರೆ. ಮೇಲೆ ನೂರಾರು ಮೀಟರ್ ಕಲ್ಲಿನ ಭಾರ ಬಿದ್ದಾಗ ಸುಣ್ಣದ ಕಲ್ಲು ಆ ಒತ್ತಡಕ್ಕೆ ಒಂದು ಗೆರೆಯ ಉದ್ದಕ್ಕೂ ಕರಗುತ್ತದೆ. ಸುಣ್ಣ ಕರಗಿ ನೀರಿನ ಜೊತೆ ಹೋಗುತ್ತೆ, ಕರಗದ ಜೇಡಿ, ಕಬ್ಬಿಣ, ಕಪ್ಪು ಕಸ ಅಲ್ಲೇ ಉಳಿದು ಗೆರೆ ಆಗುತ್ತೆ. ಒಂದು ಕಡೆ ಜಾಸ್ತಿ ಕರಗಿ, ಪಕ್ಕದಲ್ಲಿ ಕಮ್ಮಿ ಕರಗಿ ಹಲ್ಲು ಮೂಡುತ್ತದೆ. ಅಂದರೆ ಒಂದಷ್ಟು ಕಲ್ಲೇ ಅಲ್ಲಿಂದ ಮಾಯವಾಗಿದೆ. ಹಲ್ಲು ಎಷ್ಟು ಎತ್ತರ ಇದೆಯೋ ಕಡೇಪಕ್ಷ ಅಷ್ಟಾದರೂ ಕರಗಿದೆ ಅಂತ ಲೆಕ್ಕ. ತಮ್ಮಾ, ಇದನ್ನು ಪದರದ ಅಂಚು ಅಂತ ಬರೆಯಬೇಡ, ಪದರದ ಒಳಗಿನ ಗುರುತು ಅಂತ ಬರೆ. ಹಲ್ಲಿನ ಎತ್ತರ ಅಳೆ.

ಇದೇ ನೋಡು ಮಜಾ. ಒಂದು ಗೆರೆ ಪದರದ ಅಂಚು, ಒಂದು ಗೆರೆ ಕರಗಿದ ಗುರುತು, ಒಂದು ಗೆರೆ ಬರೀ ಬಣ್ಣ, ಇನ್ನೊಂದು ಖಣಿಯವರ ಉಳಿ ಏಟಿಗೆ ಬಿಟ್ಟ ಬಿರುಕು. ದೂರದಿಂದ ನೋಡಿದರೆ ನಾಲ್ಕೂ ಒಂದೇ.

ಡ್ರೋನ್ ದಾದಾ:

ಇಷ್ಟೆಲ್ಲ ಯಾಕೆ? ಫೋನಿನಲ್ಲಿ ಐವತ್ತು ಫೋಟೊ ತೆಗೆದು ಸಾಫ್ಟ್‌ವೇರಿಗೆ ಹಾಕಿದರೆ ಗೋಡೆಯ ತ್ರೀಡಿ ಮಾಡೆಲ್ ಬರುತ್ತದೆ. ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಮಿಮೀ ಲೆಕ್ಕದಲ್ಲಿ ಅಳೆಯಬಹುದು. ಟೇಪ್ ಎಲ್ಲ ಹಳೇ ಕಾಲದ್ದು.

ಹಳೆ ಸುತ್ತಿಗೆ:

ಫೋಟೊ ಖಂಡಿತ ತೆಗೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆ. ಎತ್ತರದ ಗೋಡೆಗೆ, ಕೈ ಸಿಗದ ಕಡೆಗೆ ನಿನ್ನ ಮಾಡೆಲ್ ಒಳ್ಳೆಯದೇ. ಆದರೆ ಫೋಟೊಗೆ ಆಸಿಡ್ ಹಾಕಕ್ಕಾಗಲ್ಲ, ಕಡಿಯಕ್ಕಾಗಲ್ಲ, ತಟ್ಟಿ ಕೇಳಕ್ಕಾಗಲ್ಲ. ಫೋಟೊದಲ್ಲಿ ಗುಲಾಬಿ ಪಟ್ಟಿ ಪದರದ ಹಾಗೇ ಕಾಣುತ್ತೆ, ಹುಡುಗ ಈಗ ಅದಕ್ಕೇ ತಾನೇ ಬಿದ್ದಿರುವುದು.

ಡ್ರೋನ್ ದಾದಾ:

ಆಸಿಡ್ ಮಾತು ಒಪ್ಪಿದೆ. ಫ್ಯಾನ್ ಮಾತು ವಾಪಸ್ ತಗೊಳ್ಳಲ್ಲ.

ಸುರಂಗ ಬಾವಿ:

ಬೀದರಿನಿಂದ ನಮಸ್ಕಾರ. ನಾನು ಅಂತರ್ಜಲದ ಕೆಲಸ ಮಾಡುವವಳು, ದಿನಾ ಬೋರ್‌ವೆಲ್ ಲೆಕ್ಕ ನೋಡುತ್ತೇನೆ. ನಮ್ಮ ಕಡೆಯ ಕಥೆ ಬೇರೆ. ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕಪ್ಪು ಬಸಾಲ್ಟ್. ಬೀದರ್ ಕೋಟೆಯ ಕಂದಕ ಕಡಿದಿರುವುದೇ ಆ ಜಂಬಿಟ್ಟಿಗೆಯಲ್ಲಿ. ಹೊಸಬರು ಇಲ್ಲಿ ಬಂದು ಕಂದಕದ ಗೋಡೆ ನೋಡಿ ಅದನ್ನೂ ಪದರ 1, ಪದರ 2 ಅಂತ ಬರೆದುಕೊಂಡು ಹೋಗುತ್ತಾರೆ. ಅದು ನೀರಿನಲ್ಲಿ ಕೂತ ಪದರ ಅಲ್ಲ, ಬಸಾಲ್ಟೇ ಮಳೆ ಬಿಸಿಲಿಗೆ ಕೊಳೆತು ಆದದ್ದು. ಅಂಚು ಚೂಪಾಗಿ ಇರುವುದಿಲ್ಲ, ಮೇಲಿಂದ ಕೆಳಗೆ ನಿಧಾನಕ್ಕೆ ಬದಲಾಗುತ್ತೆ. ಕೆಳಗಿನ ಬಸಾಲ್ಟ್ ಕೂಡ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ, ಮೆಟ್ಟಿಲು ಮೆಟ್ಟಿಲಾಗಿ ಕಂಡರೂ ಜಲಜ ಶಿಲೆ ಅಲ್ಲ.

ನಾನು ಹೇಳಬೇಕಾಗಿದ್ದು ಮಣ್ಣು ಮುಚ್ಚಿದ ಜಾಗದ ಬಗ್ಗೆ. ನಮ್ಮ ಬೋರ್‌ವೆಲ್ ಲಾರಿಯವರು ಕೊಡುವ ಚೀಟಿಯಲ್ಲಿ 40 ಅಡಿ ಕೆಂಪು, 160 ಅಡಿ ಕಪ್ಪು, ನೀರು ಬಂತು, ಇಷ್ಟೇ. ನಡುವೆ ಎರಡು ಅಡಿ ಮೆತ್ತಗೆ ಹೋಗಿದ್ದರೆ ಅದನ್ನು ಬರೆಯುವುದೇ ಇಲ್ಲ, ರಾಡ್ ಬೇಗ ಇಳಿಯಿತಲ್ಲ ಅಂತ ಅವರಿಗೆ ಖುಷಿ. ನನಗೆ ಬೇಕಾಗಿದ್ದು ಆ ಎರಡು ಅಡಿಯೇ, ನೀರು ಎಷ್ಟೋ ಸಲ ಅಲ್ಲೇ ಇರುತ್ತದೆ. ನಿನ್ನ ಗೋಡೆಯಲ್ಲೂ ಮಳೆಗಾಲದಲ್ಲಿ ನೀರು ಜಿನುಗುವುದು ಎಲ್ಲಿ ಅಂತ ಫರ್ಸಿ ಮನೆಯವರನ್ನು ಕೇಳು, ಅವರಿಗೆ ಗೊತ್ತಿರುತ್ತೆ.

ಕಲ್ಲು ಕಾಣದ ಕಡೆ ಲಾಗ್‌ನಲ್ಲಿ, ಅಂದರೆ ನಿನ್ನ ಪದರಗಳ ದಾಖಲೆಯಲ್ಲಿ, ಜಾಗ ಖಾಲಿ ಬಿಟ್ಟು ಎರಡು ಅಡ್ಡ ಗೆರೆ ಎಳೆದು "ಮುಚ್ಚಿದೆ" ಅಂತ ಬರೆ. ಎಷ್ಟು ಸೆಂಮೀ ಅಂತ ಅಂಕಿ ಹಾಕು. ಮೇಲಿನ ಕೆಳಗಿನ ಪದರ ತಂದು ಅಂಟಿಸಬೇಡ. ಮಣ್ಣು ಕೂತು ಹುಲ್ಲು ಬೆಳೆಯುವುದು ಬಹುಪಾಲು ಮೆತ್ತನೆ ಕಲ್ಲು ಇದ್ದ ಕಡೆಯೇ, ಅದಕ್ಕೇ ಅಲ್ಲಿ ಗೂಡು ಬಿದ್ದಿರುತ್ತೆ. ಚಿಕ್ಕ ಗುದ್ದಲಿ ಒಯ್ದು ಕೆರೆದು ನೋಡು.

ಫರ್ಸಿ ಮನೆ:

ಅಕ್ಕ ಹೇಳಿದ್ದು ಸರಿ, ಮಳೆ ನಿಂತು ಎರಡು ವಾರವಾದರೂ ಮಣ್ಣಿನ ಎಳೆ ಇದ್ದ ಸಂದಿನಲ್ಲಿ ಹನಿ ಬೀಳುತ್ತಿರುತ್ತೆ. ಅಲ್ಲೇ ಹಸಿರು ಪಾಚಿ ಕಟ್ಟುವುದು.

ಆಸಿಡ್ ಬಗ್ಗೆ ಒಂದು ಮಾತು. ಮನೆಯಲ್ಲಿ ಫರ್ಸಿ ಇದ್ದವರಿಗೆಲ್ಲ ಗೊತ್ತು, ಬಾತ್‌ರೂಮ್ ತೊಳೆಯುವ ಆಸಿಡ್ ಒಂದು ಹನಿ ಬಿದ್ದರೂ ಬುರುಬುರು ಅಂತ ನೊರೆ ಬಂದು ಬಿಳಿ ಕಲೆ ಉಳಿಯುತ್ತೆ, ಏನು ಮಾಡಿದರೂ ಹೋಗಲ್ಲ. ನೀವು ಖಣಿಯಲ್ಲಿ ಹಾಕುವುದೂ ಅದೇ ಅಲ್ವಾ?

ಹಳೆ ಸುತ್ತಿಗೆ:

ಅದೇ ಜಾತಿಯದು, ನೀರು ಬೆರೆಸಿ ನೂರಕ್ಕೆ ಹತ್ತು ಪಾಲು ಮಾಡಿದ ಹೈಡ್ರೊಕ್ಲೋರಿಕ್. ಸುಣ್ಣದ ಕಲ್ಲಿಗೆ ಹಾಕಿದ ಕೂಡಲೇ ನೊರೆ. ಡೋಲೊಮೈಟ್, ಅಂದರೆ ಮೆಗ್ನೀಸಿಯಂ ಸೇರಿದ ಸುಣ್ಣದ ಕಲ್ಲಿನ ಜಾತಿಯದು, ಆದರೆ ಸುಮ್ಮನೆ ಕೂತಿರುತ್ತೆ, ಚಾಕುವಿನಿಂದ ಕೆರೆದು ಪುಡಿ ಮಾಡಿ ಹಾಕಿದರೆ ಆಗ ನಿಧಾನಕ್ಕೆ ಬರುತ್ತದೆ. ಹಾಗಾಗಿ ನೊರೆ ಬಂತು ಅಂತ ಬರೆದರೆ ಸಾಲದು, ಕಲ್ಲಿಗೋ ಪುಡಿಗೋ, ಜೋರಾಗೋ ಮೆಲ್ಲಗೋ, ಅದನ್ನೂ ಬರೆ. ಎಲ್ಲ ಪದರಕ್ಕೂ ಹಾಕು, ಹತ್ತಕ್ಕೊಂದು ಅಂತ ಅಲ್ಲ.

ನಿಮ್ಮ ಕಲ್ಲು ಬಹಳ ಸಣ್ಣ ಕಣದ್ದು, ಲೆನ್ಸಿನಲ್ಲೂ ಕಣ ಬಿಡಿಸಿ ಕಾಣುವುದಿಲ್ಲ. ಡನ್‌ಹ್ಯಾಮ್ ಅನ್ನುವವರು 1962ರಲ್ಲಿ ಮಾಡಿದ ಸುಣ್ಣದ ಕಲ್ಲಿನ ವಿಂಗಡಣೆಯಲ್ಲಿ ಇಂಥದಕ್ಕೆ ಮಡ್‌ಸ್ಟೋನ್ ಅಂತಲೇ ಹೆಸರು. ಆದರೆ ನೋಟ್‌ಬುಕ್‌ನಲ್ಲಿ ಬರೀ ಮಡ್‌ಸ್ಟೋನ್ ಅಂತ ಬರೆದರೆ ಓದುವವನು ಜೇಡಿಕಲ್ಲು ಅಂದುಕೊಳ್ಳುತ್ತಾನೆ. ಸುಣ್ಣದ ಮಡ್‌ಸ್ಟೋನ್ ಅಂತ ಬರೆ. ನನ್ನ ಮೊದಲ ರಿಪೋರ್ಟಿನಲ್ಲಿ ಇದೇ ತಪ್ಪು ಮಾಡಿ, ಮೇಲಿನ ಆಫೀಸರ್ ಒಂದು ಇಡೀ ಸುಣ್ಣದ ಗುಡ್ಡವನ್ನು ಜೇಡಿ ಅಂತ ನಕ್ಷೆಗೆ ಏರಿಸಲು ಹೊರಟಿದ್ದರು.

ತಪ್ಪಿನ ಮಾತು ಬಂತು ಅಂತ ಇನ್ನೊಂದು. ಶಹಾಪುರ ತಾಲ್ಲೂಕಿನ ಗೋಗಿ ಕಡೆ, ಯುರೇನಿಯಂ ಸಿಕ್ಕಿದೆಯಲ್ಲ ಅದೇ ಗೋಗಿ, ಅಲ್ಲಿ ಪದರಗಳು ನಿಮ್ಮ ಖಣಿಯ ಹಾಗೆ ಮಲಗಿಲ್ಲ. ಫಾಲ್ಟ್, ಅಂದರೆ ಕಲ್ಲು ಸೀಳಿ ಒಂದು ಕಡೆ ಜರುಗಿದ ಬಿರುಕು, ಹಾದುಹೋಗಿದೆ, ಅದರ ಹತ್ತಿರ ಎಲ್ಲ ಓರೆ. ಸಪಾಟು ನೆಲದ ಮೇಲೆ 8 ಮೀಟರ್ ನಡೆದರೆ 8 ಮೀಟರ್ ದಪ್ಪ ಅಲ್ಲ. ಪದರ 30 ಡಿಗ್ರಿ ಇಳಿಜಾರಿದ್ದರೆ ಸೈನ್ 30 ಇಂದ ಗುಣಿಸಿ 4 ಮೀಟರ್. ಅದೂ ಸ್ಟ್ರೈಕ್‌ಗೆ, ಅಂದರೆ ಓರೆ ಪದರ ಸಪಾಟು ನೆಲದಲ್ಲಿ ಚಾಚಿದ ದಿಕ್ಕಿಗೆ, ಸರಿ ಅಡ್ಡಲಾಗಿ ನಡೆದರೆ ಮಾತ್ರ. ಇದು ನನಗೆ ಆಗಲೇ ಗೊತ್ತಿತ್ತು, ಲೆಕ್ಕ ಸರಿಯಾಗೇ ಮಾಡಿದೆ. ಆದರೂ ನಾನು ಅಳೆದ ಒಂದು ಸೆಕ್ಷನ್‌ನ ಒಟ್ಟು ದಪ್ಪ ನನ್ನ ಜೊತೆಯವರದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಬಂತು. ಮೂರು ದಿನ ಆದ ಮೇಲೆ ತಿಳಿಯಿತು, ನಡುವೆ ಒಂದು ಫಾಲ್ಟ್ ಇದೆ, ದಾಟಿದ ಮೇಲೆ ಅದೇ ಪದರಗಳು ಮತ್ತೆ ಶುರುವಾಗಿವೆ, ನಾನು ಅವನ್ನೇ ಎರಡನೇ ಸಲ ಎಣಿಸಿದ್ದೇನೆ. ನಾನೂ ಆಗ ನಿನ್ನ ಹಾಗೇ ಬರೀ ಬಣ್ಣ ಮತ್ತು ದಪ್ಪ ಬರೆದಿದ್ದೆ. ಪ್ರತಿ ಪದರದ ಗುರುತು ಸರಿಯಾಗಿ ಬರೆದಿದ್ದರೆ, ಅರೆ, ಈ ಹಲ್ಲಿನ ಗೆರೆಯ ಪದರ ಆಗಲೇ ಬಂದಿತ್ತಲ್ಲ ಅಂತ ಅವತ್ತೇ ಹೊಳೆಯುತ್ತಿತ್ತು.

ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ ಈ ಸೀಮೆಯ ಬಗ್ಗೆ ಬರೆದು 1876ರಲ್ಲಿ ಅಚ್ಚಾಯಿತು. ಆಮೇಲೆ ಹೆಸರುಗಳು ಬದಲಾದವು. ಈಗ ಭೀಮಾ ಗುಂಪಿಗೆ ಕೆಳಗಿನಿಂದ ರಬ್ಬನಪಲ್ಲಿ, ಶಹಾಬಾದ್, ಹಲಕಲ್, ಕಟಮದೇವರಹಳ್ಳಿ, ಹರವಾಳ ಅಂತ ಐದು ವಿಭಾಗ ಹೇಳುತ್ತಾರೆ. ಹೆಸರು ಇನ್ನೂ ಬದಲಾಗಬಹುದು. ಇಂಥ ಎತ್ತರದಲ್ಲಿ ಇಂಥ ಕಲ್ಲು ಕಂಡೆ ಅಂತ ಬರೆದಿದ್ದು ಮಾತ್ರ ಬದಲಾಗುವುದಿಲ್ಲ.

ಭಾನುವಾರ ಹೋಗುವಾಗ ಒಂದೂವರೆ ಮೀಟರ್ ಪಿವಿಸಿ ಪೈಪ್ ತಗೊಂಡು ಹತ್ತತ್ತು ಸೆಂಮೀಗೆ ಕೆಂಪು ಟೇಪ್ ಸುತ್ತು. ಬುಡದಲ್ಲಿ ನಿಲ್ಲಿಸಿ, ತುದಿ ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಮತ್ತೆ ಮೇಲೆ. ನೆಟ್ಟಗೆ ಹಿಡಿ. ಜೇಕಬ್ ಸ್ಟಾಫ್ ಅಂತ ಸಾವಿರಾರು ರೂಪಾಯಿಗೆ ಮಾರುವುದು ಇದನ್ನೇ.

ಫರ್ಸಿ ಮನೆ:

ಗೋಡೆ ಬುಡದಲ್ಲಿ ಕೂತು ಊಟ ಮಾಡಬೇಡಿ ಹುಡುಗರೇ. ಬಿಟ್ಟ ಖಣಿಯಲ್ಲಿ ಬಿಸಿಲಿಗೆ ಮೇಲಿನ ಪದರ ತಾನೇ ಬಿಟ್ಟುಕೊಂಡಿರುತ್ತೆ. ತಲೆಗೆ ಹೆಲ್ಮೆಟ್ ಇರಲಿ, ಬೈಕಿನದಾದರೂ ಸರಿ. ಗುಂಡಿಯಲ್ಲಿ ನೀರು ಇದ್ದರೆ ಇಳಿಯಬೇಡಿ, ಎಷ್ಟು ಆಳ ಅಂತ ನಮಗೇ ಗೊತ್ತಿರುವುದಿಲ್ಲ.

ಸುರಂಗ ಬಾವಿ:

ಪದರ ನೋಡಿ ಕಲ್ಲು ಆರಿಸುವುದು ನಮ್ಮ ಕಡೆ ಹೊಸದೇನಲ್ಲ ಬಿಡಿ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಮಾರು 12 ಲಕ್ಷ ವರ್ಷದ ಹಿಂದೆ ಇದೇ ಥರ ಸುಣ್ಣದ ಕಲ್ಲಿನ ಚಪ್ಪಡಿ ಎತ್ತಿ ಕೈಗೊಡಲಿ ಮಾಡಿಕೊಂಡಿದ್ದಾರೆ. ಅವರಿಗೂ ಕೈಗೆ ಸರಿ ಹೋಗುವ ದಪ್ಪದ ಪದರವೇ ಬೇಕಿತ್ತು. ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪ ಇದೆಯಲ್ಲ, ಅದನ್ನು ಕೆತ್ತಿದ್ದೂ ಸುಣ್ಣದ ಕಲ್ಲಿನಲ್ಲೇ. ಫರ್ಸಿ ಮನೆಯವರ ಗಿರಾಕಿಗಳ ಪಟ್ಟಿ ಉದ್ದ ಇದೆ.

ಬಿಸಿಲೂರ ಹುಡುಗ:

ಹೋಗಿ ಬಂದೆ. ಬೆಳಿಗ್ಗೆ ಆರೂವರೆಗೆ ಇಳಿದು ಹನ್ನೊಂದಕ್ಕೆ ಹತ್ತಿದೆವು, ಆಮೇಲೆ ನಿಲ್ಲಕ್ಕೆ ಆಗಲಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಇಳಿದೆವು.

ಗೋಡೆ 80 ಡಿಗ್ರಿಯೇ ಇದೆ ಸರ್, ಐದು ಕಡೆ ನೋಡಿದೆ, 79ರಿಂದ 81. ಅಲ್ಲಿಗೆ ಎತ್ತರ 11.92. ಮಧ್ಯದಲ್ಲಿ ಹುಲ್ಲು ಬೆಳೆದ ಮೆಟ್ಟಿಲು ಒಂದು ಇತ್ತು, ಅದನ್ನು ಹಾರಿದ್ದೆವು. ಕೆರೆದರೆ ಒಳಗೆ ಹಸಿರು ಬೂದು ಜೇಡಿ, 17 ಸೆಂಮೀ. ಹಲ್ಲಿನಲ್ಲಿ ಕಡಿದೆ, ಜಾರಿತು. ಗೆಳೆಯ ಫೋಟೊ ತೆಗೆದು ಕ್ಲಾಸ್ ಗ್ರೂಪಿಗೆ ಹಾಕಿದ್ದಾನೆ, ಅದು ಬೇರೆ ವಿಷಯ.

ಸಂದುಗಳನ್ನು ಒಂದೊಂದೇ ಅಳೆದೆ. ಕೆಲವು ಕಡೆ ಸ್ಕೇಲ್ ತುದಿ ಹೋಗಲಿಲ್ಲ, ಕೆಲವು ಕಡೆ ಎರಡು ಸೆಂಮೀ. ಒಟ್ಟು 31 ಸೆಂಮೀ.

ಫರ್ಸಿ ಮನೆ ಅಣ್ಣ ಹೇಳಿದ ಹಾಗೆ ತಟ್ಟಿ ನೋಡಿದೆ. ಟಣ್ ಮತ್ತು ಡಬ್ ಮೊದಲು ಒಂದೇ ಥರ ಕೇಳಿಸಿತು, ಹತ್ತು ಪದರ ಆದ ಮೇಲೆ ಕಿವಿಗೆ ಹಿಡಿಯಿತು. 15, 16, 17 ನಿಜವಾಗಿಯೂ ಒಂದೇ. ಒಟ್ಟು 58 ಹೋಗಿ 49 ಆಯಿತು. ಈಗ ಬುಡದಿಂದ ನಂಬರ್ ಹಾಕಿದ್ದೇನೆ. ಆ ಪದರಕ್ಕೆ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ:

ಪದರ 36. ಬುಡದಿಂದ 8.47 ರಿಂದ 8.98 ಮೀ, ದಪ್ಪ 51 ಸೆಂಮೀ. ಸುಣ್ಣದ ಮಡ್‌ಸ್ಟೋನ್. ಒಡೆದರೆ ನೀಲಿ ಬೂದು, ಹೊರಗೆ ಹಳದಿ ಬೂದು. ಒಳಗೆ 5 ರಿಂದ 12 ಸೆಂಮೀ ಅಗಲದ ಗುಲಾಬಿ ಪಟ್ಟಿ, ಪದರಕ್ಕೆ ಸ್ವಲ್ಪ ಓರೆ, ಎಡಕ್ಕೆ 6 ಮೀಟರ್ ಹೋದರೆ ತೆಳುವಾಗಿ ಮುಗಿಯುತ್ತದೆ. ಕಣ ಲೆನ್ಸಿಗೆ ಕಾಣುವುದಿಲ್ಲ. ಆಸಿಡ್‌ಗೆ ಕಲ್ಲಿನ ಮೇಲೇ ಜೋರು ನೊರೆ, ಗುಲಾಬಿ ಭಾಗಕ್ಕೂ ಅಷ್ಟೇ. 1 ರಿಂದ 3 ಮಿಮೀ ಸಪಾಟು ಗೆರೆಗಳು, ಹೊರ ಮೈಯಲ್ಲಿ ಮಾತ್ರ ಕಾಣುತ್ತವೆ, ಗುಲಾಬಿ ಪಟ್ಟಿಯನ್ನು ದಾಟಿ ಹೋಗುತ್ತವೆ. ಮೇಲಿನಿಂದ 8 ಸೆಂಮೀ ಕೆಳಗೆ ಸ್ಟೈಲೊಲೈಟ್, ಹಲ್ಲಿನ ಎತ್ತರ 4 ಮಿಮೀ. ಕೆಳಗಿನ ಅಂಚು ಚೂಪು, ಸಪಾಟು. ಮೇಲೆ 1.5 ಸೆಂಮೀ ಹಸಿರು ಬೂದು ಜೇಡಿ, ಉಗುರಿಗೆ ಕೆರೆಯುತ್ತದೆ. ಅಲೆಯಿಲ್ಲದ ಶಾಂತ ಸಮುದ್ರದಲ್ಲಿ ಆದದ್ದು.

ಹಳೆ ಸುತ್ತಿಗೆ:

ಗೆರೆಗಳು ಗುಲಾಬಿಯನ್ನು ದಾಟಿ ಹೋಗುತ್ತವೆ ಅಂತ ನೋಡಿದೆಯಲ್ಲ, ಭೇಷ್. ಬಣ್ಣ ಆಮೇಲೆ ಬಂದದ್ದು ಅನ್ನುವುದಕ್ಕೆ ಅದೇ ಸಾಕ್ಷಿ, ನಾನು ಹೇಳಿದ್ದಕ್ಕೆ ನಂಬುವುದು ಬೇಡ.

ಕೊನೆಯ ಸಾಲು ಅಲ್ಲಿಂದ ತೆಗೆ. ಸಮುದ್ರವನ್ನು ನೀನು ನೋಡಿಲ್ಲ, ಸಪಾಟು ಗೆರೆ ನೋಡಿದ್ದೀಯ. ಪುಟದ ಬಲಗಡೆ ಒಂದು ಕಾಲಂ ಎಳೆದು "ನನ್ನ ಊಹೆ" ಅಂತ ಹೆಸರಿಟ್ಟು ಅಲ್ಲಿ ಬರೆ. ನಾಳೆ ಇನ್ನೊಬ್ಬ ಬಂದು ನಿನ್ನ ಊಹೆ ಸುಳ್ಳು ಅಂದರೂ ಎಡಗಡೆಯದು ಹಾಗೇ ಉಳಿಯುತ್ತೆ. ಸಂದಿನ ಜೇಡಿಗೆ ಆಸಿಡ್ ಹಾಕಿದೆಯಾ? ಬರೆದಿಲ್ಲ.

ಬಿಸಿಲೂರ ಹುಡುಗ:

ಹಾಕಿದೆ ಸರ್, ಸಣ್ಣ ನೊರೆ ಬಂತು. ಬರೆಯುವುದು ಮರೆತೆ, ಈಗ ಸೇರಿಸಿದೆ.

ಲೆಕ್ಕ ಈಗ ಹೀಗಿದೆ: 11.40ಕ್ಕೆ ಸಂದು 0.31, ಮುಚ್ಚಿದ್ದು 0.17, ಒಟ್ಟು 11.88. ಎತ್ತರ 11.92. ಇನ್ನೂ 4 ಸೆಂಮೀ ಸಿಗುತ್ತಿಲ್ಲ. ಮುಂದಿನ ವಾರ ಮತ್ತೆ ಹೋಗಲಾ? ಅಥವಾ 49 ಪದರಕ್ಕೆ ಸ್ವಲ್ಪ ಸ್ವಲ್ಪ ಹಂಚಿಬಿಡಲಾ?

ಹಳೆ ಸುತ್ತಿಗೆ:

ಹಂಚಬೇಡ. ಹೋಗಲೂ ಬೇಡ, ಪರೀಕ್ಷೆಗೆ ಓದಿಕೋ. ಲಾಗ್‌ನ ಕೆಳಗೆ ಒಂದು ಸಾಲು ಬರೆ: ಲೆಕ್ಕಕ್ಕೆ ಸಿಗದ್ದು 4 ಸೆಂಮೀ.

ಫರ್ಸಿ ಮನೆ:

ನಮ್ಮ ಅಂಗಡಿಯಲ್ಲಿ ಒಂದು ಲಾರಿಗೆ ಅದಕ್ಕಿಂತ ಜಾಸ್ತಿ ಹೋಗುತ್ತೆ ತಮ್ಮಾ. ರಿಪೋರ್ಟ್ ಮುಗಿದ ಮೇಲೆ ಬಾ, ಹಿತ್ತಲಿನ ಆ ಹತ್ತನೇ ಕಲ್ಲು ತಟ್ಟಿ ನೋಡುವಿಯಂತೆ.